ಹೊಲಕ್ಕೆ ನುಗ್ಗಿದ ದನ, ತೀರದ ಲೆಕ್ಕ: ರಾಜಿ, ದೊಡ್ಡಿ, ಠಾಣೆ, ಕೋರ್ಟು, ಯಾವ ದಾರಿ ಯಾರಿಗೆ?

ಬೇರೆಯವರ ದನ ಹೊಲಕ್ಕೆ ನುಗ್ಗಿ ಬೆಳೆ ಮೇದಾಗ ಬಹಳಷ್ಟು ಸಲ ಜಗಳ ಹತ್ತುವುದು ದುಡ್ಡಿನ ಮೊತ್ತಕ್ಕೆ. ಹೊಲದವರು ದನ ಕಟ್ಟಿಹಾಕಿ "ಹತ್ತು ಸಾವಿರ ಇಡಿ, ಹಗ್ಗ ಬಿಚ್ಚಿಕೊಂಡು ಹೋಗಿ" ಅನ್ನುತ್ತಾರೆ. ದನದವರು "ನಾಲ್ಕು ಬಾಯಿ ಮೇದಿದ್ದಕ್ಕೆ ಹತ್ತು ಸಾವಿರವೇ?" ಅನ್ನುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಮೇವಿನ ಖರ್ಚು ಸೇರಿಕೊಳ್ಳುತ್ತದೆ, ಕರೆಯುವವರಿಲ್ಲದೆ ಹಸುವಿನ ಕೆಚ್ಚಲು ಬಾತುಕೊಳ್ಳುತ್ತದೆ, ಅಲ್ಲಿಗೆ ದನದವರ ಕಡೆಯಿಂದಲೂ ಒಂದು ಲೆಕ್ಕ ಶುರುವಾಗುತ್ತದೆ. ಇನ್ನು ಯಾರು ಯಾರಿಗೆ ಕೊಡಬೇಕು ಅನ್ನುವುದೇ ಗೋಜಲು.

ಇದನ್ನು ಬಿಡಿಸಲು ಕರ್ನಾಟಕದ ರೈತರಿಗೆ ಐದಾರು ದಾರಿಗಳಿವೆ. ಒಂದೊಂದರಲ್ಲೂ ಸಿಗುವುದು ಬೇರೆ, ತಗಲುವ ಸಮಯ ಬೇರೆ. ಯಾವ ದಾರಿ ಹಿಡಿದರೂ ನನ್ನ ಸಲಹೆ ಒಂದೇ: ದನವನ್ನೂ ಲೆಕ್ಕವನ್ನೂ ಬೇರೆ ಮಾಡಿ. ದನ ಬೇಗ ಕೈಬಿಡಬೇಕು, ಲೆಕ್ಕ ಕಾಗದದ ಮೇಲೆ ಉಳಿಯಬೇಕು. ದನವನ್ನು ಒತ್ತೆ ಇಟ್ಟುಕೊಂಡು ಹಣ ವಸೂಲಿ ಮಾಡಲು ಹೋದರೆ ನ್ಯಾಯ ನಿಮ್ಮ ಕಡೆಯಿದ್ದರೂ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಸಾಕಿದ ದನ, ಎಮ್ಮೆ, ಕುರಿ, ಮೇಕೆ, ಹಂದಿಗಳ ವಿಷಯ. ಆನೆ, ಕಾಡುಹಂದಿ, ಜಿಂಕೆ ಹಾಳು ಮಾಡಿದ್ದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು, ಅದರ ದಾರಿಯೇ ಬೇರೆ.

ಮೊದಲ ದಿನದ ಕೆಲಸ

ರಾಜಿಗೆ ಕೂತರೂ ಕೋರ್ಟಿಗೆ ಹೋದರೂ ನಿಮ್ಮ ಮಾತಿಗೆ ಬೆಲೆ ತರುವುದು ಮೊದಲ ದಿನ ನೀವು ಹಿಡಿದಿಟ್ಟ ಗುರುತು. ದನ ಹೊಲದೊಳಗೆ ಇರುವಾಗಲೇ ಫೋಟೊ, ವಿಡಿಯೊ ತೆಗೆಯಿರಿ. ಹೊರಗೆ ಕಟ್ಟಿಹಾಕಿದ ದನದ ಫೋಟೊದಿಂದ ಅದು ನಿಮ್ಮ ಬೆಳೆ ಮೇದಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಗೊರಸಿನ ಗುರುತು, ಸಗಣಿ, ಮುರಿದ ಬೇಲಿ, ಮೇದ ಸಾಲು, ತುಳಿದ ಸಾಲು ಎಲ್ಲವೂ ಬರಲಿ. ಅಕ್ಕಪಕ್ಕದ ಹೊಲದವರಲ್ಲಿ ಇಬ್ಬರನ್ನು ಕರೆದು ತೋರಿಸಿ.

ದನದ ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ 12 ಅಂಕಿಯ ಸಂಖ್ಯೆಯನ್ನು ಬರೆದುಕೊಳ್ಳಿ. ಮಾಲೀಕರ ಹೆಸರು ಆ ಸಂಖ್ಯೆಗೆ ನೋಂದಣಿಯಾಗಿರುತ್ತದೆ, ಹತ್ತಿರದ ಪಶು ಆಸ್ಪತ್ರೆಯವರು ನೋಡಿ ಹುಡುಕಬಲ್ಲರು. "ಅದು ನಮ್ಮ ದನವೇ ಅಲ್ಲ" ಅನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಸಿಗುವುದು ಕಷ್ಟ.

ನಷ್ಟ ದೊಡ್ಡದಾಗಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ಥಳ ಮಹಜರು (ಜಾಗ ನೋಡಿ ಸಾಕ್ಷಿಗಳ ಮುಂದೆ ಬರೆಯುವ ವರದಿ) ಕೇಳಿ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯೋ, ತೋಟವಾದರೆ ತೋಟಗಾರಿಕೆ ಇಲಾಖೆಯವರೋ ಬಂದು ನೋಡಿ ಒಂದು ಹಾಳೆ ಬರೆದುಕೊಟ್ಟರೂ ಸಾಕು, ಮುಂದೆ ಅದೇ ಆಧಾರ. ಪಹಣಿಯ ಬೆಳೆ ಕಲಂನಲ್ಲಿ ಆ ಹಂಗಾಮಿನ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಹೊಲದಲ್ಲಿ ಮೆಕ್ಕೆಜೋಳ, ಪಹಣಿಯಲ್ಲಿ ರಾಗಿ ಇದ್ದರೆ ಎದುರಿನವರ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಎಷ್ಟು ಕೇಳಬೇಕು

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ಹೊಲದಲ್ಲಿ ಎಕರೆಗೆ 12 ಕ್ವಿಂಟಲ್ ರಾಗಿ ಬರುತ್ತದೆ ಅಂದುಕೊಳ್ಳಿ. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ 30 ಕಿಲೊ. ತೆನೆ ಕಾಳು ಕಟ್ಟಿದ ಹೊತ್ತಿಗೆ ದನ ಬಿದ್ದು 6 ಗುಂಟೆ ಹಾಳಾಯಿತು. 180 ಕಿಲೊ ರಾಗಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಆ ದರದಲ್ಲಿ ಸುಮಾರು 8,795 ರೂಪಾಯಿ. ಆದರೆ ಆ 6 ಗುಂಟೆಯೂ ಪೂರ್ತಿ ಹೋಗಿರುವುದಿಲ್ಲ. ತುಳಿದು ಮಲಗಿದ ಪೈರಿನಲ್ಲೂ ಸ್ವಲ್ಪ ತೆನೆ ಸಿಗುತ್ತದೆ. ಮೂರರಲ್ಲಿ ಒಂದು ಪಾಲು ಕೈಗೆ ಬಂದರೆ ನಿಜವಾದ ನಷ್ಟ 5,860ರ ಹತ್ತಿರ. ಇದಕ್ಕೆ ಹೋದ ಹುಲ್ಲಿನ ಬೆಲೆ ಸೇರಿಸಿ, ಆ ಜಾಗದ ಕೊಯ್ಲಿನ ಕೂಲಿ ಉಳಿದಿದ್ದರೆ ಅದನ್ನು ಕಳೆಯಿರಿ. ಮಾರುಕಟ್ಟೆ ದರ ಬೇರೆಯಿದ್ದರೆ ಆ ವಾರದ ಎಪಿಎಂಸಿ ದರ ಹಿಡಿಯಿರಿ.

ಹೀಗೆ ಹಾಳೆಯ ಮೇಲೆ ಬರೆದು ಮುಂದಿಟ್ಟರೆ ಸುಮ್ಮನೆ ಬಾಯಿಗೆ ಬಂದ ಹತ್ತು ಸಾವಿರಕ್ಕಿಂತ ಆರು ಸಾವಿರ ಬೇಗ ವಸೂಲಾಗುತ್ತದೆ. ಎದುರಿನವರು ವಾದ ಮಾಡಬೇಕಾದರೆ ಗುಂಟೆಯ ಮೇಲೋ ದರದ ಮೇಲೋ ಮಾಡಬೇಕಾಗುತ್ತದೆ, ನಿಮ್ಮ ಮೇಲಲ್ಲ.

ಬೆಳೆಯ ಹಂತಕ್ಕೆ ಬೆಲೆ ಕೊಡಿ. ಎಳೆಯ ರಾಗಿಯ ತುದಿಯನ್ನಷ್ಟೇ ದನ ಮೇದಿದ್ದರೆ ಬುಡದಿಂದ ಮತ್ತೆ ತೆಂಡೆ ಒಡೆದು ಬರುತ್ತದೆ. ಅಂಥ ನಷ್ಟಕ್ಕೆ ಪೂರ್ತಿ ಇಳುವರಿಯ ಹಣ ಕೇಳುವುದು ನ್ಯಾಯವಲ್ಲ, ಹದಿನೈದು ದಿನ ಕಾದು ನೋಡಿ ಮಾತಾಡಿ. ಅಡಿಕೆ, ತೆಂಗಿನ ಸಸಿಯ ಕಥೆ ಇದಕ್ಕೆ ತದ್ವಿರುದ್ಧ. ಸುಳಿ ಕಿತ್ತು ತಿಂದರೆ ಗಿಡವೇ ಹೋಯಿತು. ಅಲ್ಲಿ ಸಸಿಯ ಬೆಲೆಯ ಜೊತೆಗೆ ಹೋದ ವರ್ಷಗಳ ನೀರು, ಗೊಬ್ಬರ, ಆಳಿನ ಖರ್ಚೂ ಬರಬೇಕು. "ಒಂದು ಸಸಿ ತಂದು ನೆಟ್ಟುಕೊಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ.

ದನ ನಿಮ್ಮ ಹತ್ತಿರ ಇದ್ದಷ್ಟು ಹೊತ್ತಿನ ಲೆಕ್ಕ ಬೇರೆ ಸಾಲಿನಲ್ಲಿ ಇರಲಿ. ದೊಡ್ಡ ಹಸುವಿಗೆ ದಿನಕ್ಕೆ 20-25 ಕಿಲೊ ಹಸಿ ಮೇವು, 5-6 ಕಿಲೊ ಒಣ ಮೇವು ಬೇಕು, ನೀರು ಸಮೃದ್ಧವಾಗಿ ಬೇಕು. ಆ ಖರ್ಚು ಕೇಳುವುದು ನ್ಯಾಯ. ಹಾಗೆಯೇ ಕರೆಯುವ ಹಸುವಾದರೆ ನೀವು ಕರೆದು ಡೇರಿಗೆ ಹಾಕಿದ ಹಾಲಿನ ಹಣ ಅವರ ಲೆಕ್ಕಕ್ಕೆ ಜಮೆ. ಕೊಟ್ಟಿಗೆಯಲ್ಲಿ ನಿಮ್ಮ ದನಗಳ ಜೊತೆ ಮಾತ್ರ ಕಟ್ಟಬೇಡಿ, ಚರ್ಮಗಂಟು ರೋಗ ಎಷ್ಟು ದನಗಳನ್ನು ತಿಂದಿತೆಂದು 2022ರಲ್ಲಿ ಎಲ್ಲರೂ ನೋಡಿದ್ದೇವೆ.

ಎದುರು ಕೂತು ಮಾತಾಡುವುದು

ನಷ್ಟ ಹತ್ತಿಪ್ಪತ್ತು ಸಾವಿರದೊಳಗಿದ್ದು, ದನದವರು ಪರಿಚಿತರಾಗಿದ್ದರೆ ನೇರ ರಾಜಿಗಿಂತ ಒಳ್ಳೆಯ ದಾರಿ ಇಲ್ಲ. ಬೇರೆ ಯಾವ ದಾರಿಯಲ್ಲೂ ಹಣ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಕೈಸೇರುವುದಿಲ್ಲ. ಮಾತು ಶುರುವಾಗುವ ರೀತಿಯ ಮೇಲೆ ಎಲ್ಲ ನಿಂತಿದೆ. "ಅಣ್ಣಾ, ನಿಮ್ಮ ದನ ನಮ್ಮ ಹೊಲದಲ್ಲಿ ಬಿದ್ದಿತ್ತು. ಹುಲ್ಲು ನೀರು ಹಾಕಿದ್ದೀನಿ, ಹೊಡ್ಕೊಂಡು ಹೋಗಿ. ಸಂಜೆ ಒಂದು ಸಲ ಹೊಲಕ್ಕೆ ಬಂದು ಎಷ್ಟು ಹೋಗಿದೆ ನೀವೇ ನೋಡಿ" ಅಂದರೆ ಎದುರಿನವರಿಗೆ ಬೈಯಲು ದಾರಿ ಇರುವುದಿಲ್ಲ. ಹೊಲಕ್ಕೆ ಬಂದು ಕಣ್ಣಾರೆ ನೋಡಿದವರು ಮೊತ್ತ ಚೌಕಾಸಿ ಮಾಡಬಹುದು, ನಷ್ಟವೇ ಇಲ್ಲ ಅನ್ನಲಾರರು.

ಕೈಯಲ್ಲಿ ಹಣ ಇಲ್ಲ ಅನ್ನುವುದು ಎಷ್ಟೋ ಸಲ ನಿಜವೇ ಇರುತ್ತದೆ. ಆಗ ಡೇರಿಯ ಬಟವಾಡೆಯಲ್ಲಿ ಎರಡು ಮೂರು ಕಂತು ಮಾಡಿಕೊಳ್ಳಿ. ಕುರಿ ಮಂದೆಯಾಗಿದ್ದರೆ ಇನ್ನೊಂದು ಒಳ್ಳೆಯ ಮಾರ್ಗವಿದೆ: ಕೊಯ್ಲಾದ ಮೇಲೆ ಇಂತಿಷ್ಟು ರಾತ್ರಿ ನಿಮ್ಮ ಹೊಲದಲ್ಲಿ ಮಂದೆ ನಿಲ್ಲಿಸಲಿ. ಹೊಲಕ್ಕೆ ಗೊಬ್ಬರ ಬೀಳುತ್ತದೆ, ಕುರಿಗಾಹಿಗೆ ಕೈಯಿಂದ ಕಾಸು ಬಿಡುವ ಕಷ್ಟ ತಪ್ಪುತ್ತದೆ. ಹಣ ಕೊಟ್ಟು ಮಂದೆ ನಿಲ್ಲಿಸಿಕೊಳ್ಳುವ ರೈತರಿಗೆ ಅದರ ಬೆಲೆ ಗೊತ್ತೇ ಇದೆ.

ಒಪ್ಪಂದ ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ತಾರೀಖು, ಸರ್ವೆ ನಂಬರ್, ದನದ ಗುರುತು, ಒಪ್ಪಿದ ಮೊತ್ತ, ಕಂತು, "ಇದರ ನಂತರ ಈ ಘಟನೆಯ ಬಗ್ಗೆ ಇಬ್ಬರಿಗೂ ಯಾವ ಬಾಕಿಯೂ ಇಲ್ಲ" ಅನ್ನುವ ಸಾಲು, ಇಬ್ಬರ ಸಹಿ, ಇಬ್ಬರು ಸಾಕ್ಷಿ. ಹಣ ಫೋನ್‌ಪೇಯಲ್ಲೋ ಬ್ಯಾಂಕಿಗೋ ಬಂದರೆ ಅದೇ ರಸೀದಿ.

ಊರಿನ ಹಿರಿಯರನ್ನು ಕೂರಿಸುವುದು ಇದರ ಮುಂದಿನ ಮೆಟ್ಟಿಲು. ಇಬ್ಬರೂ ಒಪ್ಪಿದ ಹಿರಿಯರಾದರೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಆದರೆ ಅವರು ಹೇಳಿದ ಮೊತ್ತ ಕೊಡದಿದ್ದರೆ ಕೊಡಿಸುವ ಅಧಿಕಾರ ಕಾನೂನಿನಲ್ಲಿ ಅವರಿಗಿಲ್ಲ. ಊರಿನ ಹೆಸರಲ್ಲಿ ದಂಡ ಹಾಕುವುದು, ಬಹಿಷ್ಕಾರದ ಮಾತಾಡುವುದು ಶುರುವಾದರೆ ಎದ್ದು ಬನ್ನಿ. ನಿಮ್ಮ ನ್ಯಾಯವಾದ ಬಾಕಿ ಅಂಥ ಕೂಟದಲ್ಲಿ ಮೂಲೆಗೆ ಬೀಳುತ್ತದೆ. ಕುಲದ, ಪಕ್ಷದ ಬಲ ಒಂದೇ ಕಡೆ ಇರುವ ಊರಿನಲ್ಲಿ ಬಡವರು ಈ ಮೆಟ್ಟಿಲನ್ನು ದಾಟಿ ನೇರ ಕಾನೂನು ಸೇವಾ ಸಮಿತಿಗೆ ಹೋಗುವುದೇ ಒಳ್ಳೆಯದು.

ದೊಡ್ಡಿಗೆ ಹೊಡೆಯುವುದು

ಬೇರೆಯವರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುವ ಸಾರ್ವಜನಿಕ ಜಾಗವೇ ದೊಡ್ಡಿ. ಅದರ ಕಾನೂನು ಬ್ರಿಟಿಷರ ಕಾಲದ್ದು, 1871ರ ಜಾನುವಾರು ಅತಿಕ್ರಮಣ ಕಾಯ್ದೆ. ಸಂವಿಧಾನದಲ್ಲಿ ದೊಡ್ಡಿಯ ವಿಷಯ ರಾಜ್ಯಪಟ್ಟಿಯಲ್ಲಿದೆ, ಕರ್ನಾಟಕಕ್ಕೆ 1966ರ ತನ್ನದೇ ಕಾಯ್ದೆ ಇದೆ. ಕೆಳಗೆ ಹೇಳುವ ದಿನ, ಮೊತ್ತಗಳು 1871ರ ಮೂಲ ಕಾಯ್ದೆಯವು. ನಿಮ್ಮಲ್ಲಿ ಈಗ ನಡೆಯುವ ದಿನ ಮತ್ತು ದಂಡದ ದರವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಕೇಳಿಕೊಂಡೇ ಹೆಜ್ಜೆ ಇಡಿ.

ಆ ಕಾಯ್ದೆಯ ಪ್ರಕಾರ ಹೊಲ ಉಳುವವರು ಅಥವಾ ಸ್ವಾಧೀನದಲ್ಲಿ ಇರುವವರು, ಬೆಳೆಗೆ ಸಾಲ ಕೊಟ್ಟವರು, ನಿಂತ ಬೆಳೆ ಕೊಂಡವರು ಇಷ್ಟೂ ಜನ ದನ ಹಿಡಿಯಬಹುದು. ಗುತ್ತಿಗೆಗೆ ಮಾಡುವವರಿಗೆ ಹಕ್ಕಿಲ್ಲ ಅನ್ನುವ ಮಾತು ಸುಳ್ಳು. ಆದರೆ ದನ ಹೊಲಕ್ಕೆ ನುಗ್ಗಿ ನಷ್ಟ ಮಾಡುತ್ತಿರುವಾಗ ಹಿಡಿಯಬೇಕು, ಮಾರನೆಯ ದಿನ ಅವರ ಕೊಟ್ಟಿಗೆಗೆ ಹೋಗಿ ಬಿಚ್ಚಿಕೊಂಡು ಬರುವಂತಿಲ್ಲ. ಹಿಡಿದ ಮೇಲೆ 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು. ನಿಮ್ಮ ಮನೆಯಲ್ಲಿ ನಾಲ್ಕು ದಿನ ಕಟ್ಟಿಹಾಕಿಕೊಳ್ಳಲು ಕಾನೂನಿನ ಬೆಂಬಲ ಇಲ್ಲ ಅನ್ನುವುದು ಇಲ್ಲಿಂದಲೇ ಬರುತ್ತದೆ. ದನ ಹಿಡಿಯುವಾಗ ತಡೆದರೆ, ಬಿಡಿಸಿಕೊಂಡು ಹೋಗಲು ಬಂದರೆ ಪೊಲೀಸರ ನೆರವು ಕೇಳಬಹುದು. ಬಲವಂತವಾಗಿ ಬಿಡಿಸಿಕೊಂಡು ಹೋದವರಿಗೆ ಆರು ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಲಕ್ಕೆ ಬೇಲಿ ಇರಲೇಬೇಕು ಅನ್ನುವ ಷರತ್ತು ಈ ಕಾಯ್ದೆಯಲ್ಲಿ ಇಲ್ಲ, "ಬೇಲಿ ಯಾಕೆ ಹಾಕಿಲ್ಲ?" ಅನ್ನುವವರಿಗೆ ಇದನ್ನು ಹೇಳಿ.

ಈಗ ಬಹಳ ಜನ ತಪ್ಪು ತಿಳಿದಿರುವ ವಿಷಯ. ದೊಡ್ಡಿಯಲ್ಲಿ ಮಾಲೀಕರು ಕಟ್ಟುವ ದಂಡ ಸರ್ಕಾರದ ಲೆಕ್ಕಕ್ಕೆ, ಮೇವಿನ ಖರ್ಚು ದೊಡ್ಡಿ ನೋಡಿಕೊಳ್ಳುವವರಿಗೆ ಹೋಗುತ್ತದೆ. ನಿಮ್ಮ ಬೆಳೆ ನಷ್ಟ ಅದರಿಂದ ತುಂಬುವುದಿಲ್ಲ. ನಷ್ಟ ಪರಿಹಾರಕ್ಕೆ ಪ್ರತ್ಯೇಕವಾಗಿ ದಾವೆ ಹೂಡುವ ಹಕ್ಕನ್ನು ಕಾಯ್ದೆಯೇ ಉಳಿಸಿಕೊಟ್ಟಿದೆ, ಅಷ್ಟೇ. ಹಾಗಾದರೆ ದೊಡ್ಡಿಯ ಪ್ರಯೋಜನ ಏನು? ಮೂರಿದೆ. ದನದ ಜವಾಬ್ದಾರಿ ನಿಮ್ಮ ಮೇಲಿಂದ ಇಳಿಯುತ್ತದೆ. ಬೇಕೆಂದೇ ರಾತ್ರಿ ದನ ಬಿಡುವ ಚಾಳಿಯವರಿಗೆ ಬಿಸಿ ತಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡಿಯ ರಿಜಿಸ್ಟರಿನಲ್ಲಿ ದನದ ಸಂಖ್ಯೆ, ಗುರುತು, ಹಿಡಿದ ದಿನ ಮತ್ತು ಗಂಟೆ, ಹಿಡಿದವರ ಹೆಸರು, ಗೊತ್ತಿದ್ದರೆ ಮಾಲೀಕರ ಹೆಸರು ಬರೆದು ನಿಮಗೆ ಒಂದು ಪ್ರತಿ ಕೊಡಬೇಕು. ಪರಿಹಾರ ಕೇಳುವಾಗ ಆ ಪ್ರತಿ ದೊಡ್ಡ ಆಸರೆ.

ಏಳು ದಿನ ಯಾರೂ ಬರದಿದ್ದರೆ ಪೊಲೀಸ್ ಠಾಣೆಗೆ ವರದಿ ಹೋಗುತ್ತದೆ, ನೋಟಿಸು ಹಚ್ಚಿ ಊರಿನಲ್ಲೂ ಹತ್ತಿರದ ಸಂತೆಯಲ್ಲೂ ಡಂಗುರ ಸಾರಬೇಕು, ಮತ್ತೆ ಏಳು ದಿನಕ್ಕೂ ಬರದಿದ್ದರೆ ಬಹಿರಂಗ ಹರಾಜು. ಹರಾಜು ಹಾಕುವ ಅಧಿಕಾರ ದೊಡ್ಡಿಯ ಅಧಿಕಾರಿಗಳದು. ನೀವೇ ವ್ಯಾಪಾರಿಗೆ ಮಾರಿ ನಷ್ಟ ತುಂಬಿಕೊಂಡರೆ ಅದು ಬೇರೆಯವರ ಸೊತ್ತು ನುಂಗಿದ ಅಪರಾಧ.

ಎಷ್ಟೋ ಊರುಗಳಲ್ಲಿ ದೊಡ್ಡಿಯ ಹೆಸರು ಮಾತ್ರ ಉಳಿದಿದೆ, ಗೋಡೆ ಬಿದ್ದಿದೆ. ಅಲ್ಲಿ ಅದೇ ದಿನ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಠಾಣೆಗೂ ತಿಳಿಸಿ, ದನವನ್ನು ಮಾಲೀಕರಿಗೆ ಸಾಕ್ಷಿಗಳ ಮುಂದೆ ಒಪ್ಪಿಸಿ ಸಹಿ ಮಾಡಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಒಪ್ಪಿಸುವ ವಿಡಿಯೊ ಸಾಕು.

ಠಾಣೆ

ದನ ತಪ್ಪಿಸಿಕೊಂಡು ಬಂದದ್ದು ಒಂದು, ಬೇಕೆಂದೇ ಹೊಡೆದು ಮೇಯಿಸಿದ್ದು ಇನ್ನೊಂದು. ಕಿಡಿಗೇಡಿತನದ ಅಪರಾಧವಾಗುವುದು ಎರಡನೆಯದು ಮಾತ್ರ. ಬೇರೆಯವರ ಹೊಲಕ್ಕೆ ಬೆಳೆ ಹಾಳಾಗಲೆಂದು ದನ ಬಿಡುವುದನ್ನು ಹಳೆಯ ದಂಡ ಸಂಹಿತೆಯೇ ಕಿಡಿಗೇಡಿತನದ ಉದಾಹರಣೆಯಾಗಿ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 324ನೇ ಕಲಂ. ನಷ್ಟ 20,000ದಿಂದ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ಅಥವಾ ಮೇಲಿದ್ದರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು.

ಸಣ್ಣ ನಷ್ಟದ ದೂರಿಗೆ ಪೊಲೀಸರು ನೇರವಾಗಿ ತನಿಖೆ ಮಾಡುವಂತಿಲ್ಲ, ದೂರು ದಾಖಲಿಸಿ ಹಿಂಬರಹ ಕೊಡುತ್ತಾರೆ. ಆ ಹಿಂಬರಹವನ್ನು ಕಳೆಯಬೇಡಿ. ದುಡ್ಡು ಕೊಡಿಸಿ ಅಂತ ಠಾಣೆಗೆ ಹೋಗುವುದು ಮಾತ್ರ ಸರಿಯಾದ ದಾರಿ ಅಂತ ನನಗೆ ಅನಿಸುವುದಿಲ್ಲ. ಮೊತ್ತ ತೀರ್ಮಾನಿಸುವುದು ಪೊಲೀಸರ ಕೆಲಸವಲ್ಲ. ಠಾಣೆಯ ಒತ್ತಡಕ್ಕೆ ಒಪ್ಪಿದ ಕಾಗದವನ್ನು ಎದುರಿನವರು ನಾಳೆ "ಹೆದರಿಸಿ ಬರೆಸಿಕೊಂಡರು" ಅನ್ನಬಹುದು. ಹೊಡೆದಾಟದ ಭಯ ಇದ್ದಾಗ, ಪದೇ ಪದೇ ಬೇಕೆಂದೇ ಮೇಯಿಸುವಾಗ, ದನ ಬಿಡಿಸಿಕೊಂಡು ಹೋಗಲು ಗುಂಪು ಬಂದಾಗ 112ಕ್ಕೆ ಕರೆ ಮಾಡಿ.

ಕೋಪದಲ್ಲಿ ದನಕ್ಕೆ ಕೈ ಮಾಡಬೇಡಿ. ವಿಷ ಇಡುವುದು, ಕಾಲು ಕಡಿಯುವುದು, ಕೊಲ್ಲುವುದು ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗಿನ ಶಿಕ್ಷೆಯ ಅಪರಾಧ. ಗಿಡ್ಡ ಹಗ್ಗದಲ್ಲಿ ಬಿಸಿಲಿಗೆ ಕಟ್ಟಿ ನೀರು ಕೊಡದಿರುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಬರುತ್ತದೆ. ಆರು ಗುಂಟೆ ರಾಗಿಗೆ ಪರಿಹಾರ ಬರಬೇಕಾದವರು ಒಂದು ಮಚ್ಚಿನ ಏಟಿಗೆ ಎಮ್ಮೆಯ ಬೆಲೆ ತಾವೇ ಕಟ್ಟುವ ಸ್ಥಿತಿಗೆ ಬರುವುದು ಬಹಳ ಸಂಕಟದ ವಿಷಯ.

ಲೋಕ ಅದಾಲತ್ತೋ, ದಾವೆಯೋ

ಮಾತು ಮುರಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಅದರ ಕಚೇರಿ ಇರುತ್ತದೆ, ಸಹಾಯವಾಣಿ 15100. ಕೇಸು ಹಾಕುವುದಕ್ಕೆ ಮುಂಚೆಯೇ ಒಂದು ಅರ್ಜಿ ಬರೆದುಕೊಟ್ಟರೆ ಎದುರಿನವರಿಗೆ ನೋಟಿಸು ಹೋಗುತ್ತದೆ. ಕೋರ್ಟ್ ಶುಲ್ಕ ಇಲ್ಲ. ಇಬ್ಬರೂ ಒಪ್ಪಿದರೆ, ರಾಜಿ ಮಾಡಿಸುವ ಲೋಕ ಅದಾಲತ್ತಿನ ತೀರ್ಪಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಸಿವಿಲ್ ಡಿಕ್ರಿಯ ಬಲ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಹಿರಿಯರ ಪಂಚಾಯಿತಿಯಲ್ಲಿ ಇಲ್ಲದ ಬಲ ಇದೇ: ಒಪ್ಪಿದ ಮೇಲೆ ಕೊಡದಿದ್ದರೆ ಕೋರ್ಟಿನ ಮೂಲಕ ವಸೂಲಿ ಮಾಡಬಹುದು. ಕೊರತೆಯೂ ಒಂದಿದೆ. ಎದುರಿನವರು ಬಾರದಿದ್ದರೆ, ಒಪ್ಪದಿದ್ದರೆ ಅದಾಲತ್ತು ಬಲವಂತ ಮಾಡಲಾರದು. ಆದರೂ ಕೋರ್ಟಿನ ಮೊಹರಿನ ನೋಟಿಸು ಕೈಗೆ ಬಂದ ಮೇಲೆ ಮಾತಿಗೆ ಬರುವವರು ಕಡಿಮೆಯಿಲ್ಲ.

ಸಿವಿಲ್ ದಾವೆ ಕೊನೆಯ ದಾರಿ. ದನದವರ ಉದ್ದೇಶ ಕೆಟ್ಟದಿತ್ತು ಅಂತ ಅಲ್ಲಿ ತೋರಿಸುವ ಹೊರೆ ಇಲ್ಲ, ದನ ಅವರದು, ನಷ್ಟ ಇಷ್ಟು ಅನ್ನುವುದಕ್ಕೆ ಪುರಾವೆ ಬೇಕು. ಜಮೀನಿನ ಅತಿಕ್ರಮಣದ ಪರಿಹಾರಕ್ಕೆ ಕಾಲಮಿತಿ ಕಾಯ್ದೆ ಕೊಟ್ಟಿರುವುದು ಘಟನೆಯ ದಿನದಿಂದ ಮೂರು ವರ್ಷ. ಎಂಟು ಸಾವಿರದ ನಷ್ಟಕ್ಕೆ ದಾವೆ ಹೂಡಿದರೆ ವಕೀಲರ ಶುಲ್ಕ, ವಾಯಿದೆಗೆ ಓಡಾಟ, ಹೋದ ಕೂಲಿ ಸೇರಿ ಗೆದ್ದರೂ ಸೋತ ಲೆಕ್ಕವಾಗುತ್ತದೆ. ಮೂರು ಎಕರೆ ಅಡಿಕೆ ಸಸಿ ಹೋದವರಿಗೆ, ಪ್ರತಿ ವರ್ಷ ಅದೇ ಮಂದೆಯಿಂದ ನಷ್ಟ ಅನುಭವಿಸಿ ಇನ್ನು ಮುಂದೆ ಬಿಡದಂತೆ ತಡೆಯಾಜ್ಞೆಯೂ ಬೇಕಾದವರಿಗೆ ದಾವೆಯೇ ಸರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಅದನ್ನು ಕೇಳಿ ಪಡೆಯಿರಿ.

ದನ ನಿಮ್ಮದಾಗಿದ್ದರೆ

ಮೊದಲು ಹೋಗಿ ಹೊಲ ನೋಡಿ, ನಿಮ್ಮ ಫೋನಿನಲ್ಲೂ ಫೋಟೊ ತೆಗೆದುಕೊಳ್ಳಿ. ದನದ ಮೈಮೇಲೆ ಗಾಯ ಇದ್ದರೆ ಪಶುವೈದ್ಯರಿಂದ ಅದೇ ದಿನ ಬರೆಸಿಕೊಳ್ಳಿ, ಆಸ್ಪತ್ರೆ ದೂರವಾದರೆ 1962ಕ್ಕೆ ಕರೆ ಮಾಡಿ. ಕೇಳಿದ ಮೊತ್ತ ಹೆಚ್ಚೆನಿಸಿದರೆ ನಿಮಗೆ ನ್ಯಾಯವೆನಿಸುವ ಮೊತ್ತವನ್ನು ತಕ್ಷಣ ಕೊಟ್ಟು "ಉಳಿದದ್ದು ಮಾತಾಡೋಣ" ಅನ್ನಿ. ಸ್ವಲ್ಪವೂ ಕೊಡದೆ ವಾದಕ್ಕೆ ನಿಂತವರ ಮಾತನ್ನು ಯಾವ ಹಿರಿಯರೂ ಕೇಳಿಸಿಕೊಳ್ಳುವುದಿಲ್ಲ.

ನಷ್ಟವೇ ಮಾಡದ ದನವನ್ನು ದ್ವೇಷಕ್ಕೆ ದೊಡ್ಡಿಗೆ ಹೊಡೆದಿದ್ದರೆ, ದೊಡ್ಡಿಯವರು ಕೇಳಿದ ಹಣವನ್ನು ಠೇವಣಿಯಾಗಿ ಕಟ್ಟಿ ದನ ಬಿಡಿಸಿಕೊಂಡು ಆಮೇಲೆ ತಕರಾರು ಹೇಳಬಹುದು. ದನ ಹಿಡಿದ ಹತ್ತು ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬೇಕು ಅನ್ನುವುದು 1871ರ ಕಾಯ್ದೆಯ ಮಾತು. ಆದರೆ ಅನ್ಯಾಯವಾಗಿ ಹಿಡಿದದ್ದಕ್ಕೆ ಆ ಕಾಯ್ದೆ ಕೊಡಿಸುವ ಪರಿಹಾರದ ಮಿತಿ 100 ರೂಪಾಯಿ, ಜೊತೆಗೆ ನೀವು ಕಟ್ಟಿದ ದಂಡ ಮತ್ತು ಖರ್ಚು. ಹೋದ ಹಾಲು, ಕೆಚ್ಚಲು ಬಾವಿನ ಔಷಧಿಯ ಹಣಕ್ಕೆ ಅದು ಎಲ್ಲಿ ಸಾಲುತ್ತದೆ? ಹಾಗಾಗಿ ನಿಮಗೂ ಲೋಕ ಅದಾಲತ್ತೇ ಮೇಲು. ಅಲ್ಲಿ ಬೆಳೆ ನಷ್ಟ, ಮೇವು, ಹಾಲು, ಔಷಧಿ ಎಲ್ಲ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಕೂಡಿ ಕಳೆದು ಮುಗಿಸಿಕೊಳ್ಳಬಹುದು.

ವಾರಸುದಾರರೇ ಇಲ್ಲದಿದ್ದರೆ

ಕಿವಿಯಲ್ಲಿ ಬಿಲ್ಲೆ ಇಲ್ಲ, ಕೇಳಲು ಯಾರೂ ಬರುವುದಿಲ್ಲ, ಅಂಥ ಬಿಡಾಡಿ ದನದಿಂದ ಆದ ನಷ್ಟಕ್ಕೆ ಹಣ ಕೊಡುವವರೇ ಇರುವುದಿಲ್ಲ. ಪಂಚಾಯಿತಿಗೋ ಪುರಸಭೆಗೋ ಅರ್ಜಿ ಕೊಟ್ಟು ದೊಡ್ಡಿಗೆ ಅಥವಾ ಗೋಶಾಲೆಗೆ ಸಾಗಿಸಲು ಕೇಳುವುದೊಂದೇ ಉಳಿದ ದಾರಿ. ದೊಡ್ಡಿ ನೋಡಿಕೊಳ್ಳುವುದು ನಗರಸಭೆ, ಪುರಸಭೆಗಳ ಕೆಲಸ ಅಂತ ಸಂವಿಧಾನದ 12ನೇ ಅನುಸೂಚಿಯಲ್ಲೇ ಇದೆ. ಒಬ್ಬರೇ ಹೋಗುವ ಬದಲು ಆ ಬಯಲಿನ ಹೊಲದವರೆಲ್ಲ ಸೇರಿ ಸಹಿ ಹಾಕಿದ ಅರ್ಜಿ ಕೊಟ್ಟು, ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿ.